ಕೇತಯ್ಯ ಮತ್ತು ಇಪ್ಪತ್ತನಾಲ್ಕು ಕಂತು

ಟೋಕಿಯೊಗೆ ಹೋದ ಹೊಸತರಲ್ಲಿ ಅಮ್ಮನಿಗೆ ಫೋನು ಮಾಡಿ, ‘ಇಲ್ಲಿ ಮೊಬೈಲಿಗೆ ಕೇತಾಯ್ ಅಂತಾರೆ ಕಣಮ್ಮ’ ಅಂದಿದ್ದೆ. ಹಾಸನದ ಕಡೆಯ ನಮ್ಮ ಹಳ್ಳಿಯ ಲ್ಯಾಂಡ್‌ಲೈನು ಗೊರಗೊರ ಅನ್ನುತ್ತಿತ್ತು. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, ‘ಯಾವ ಕೇತಯ್ಯನೋ? ಕೆರೆ ಕೆಳಗಿನ ಗದ್ದೆ ಕೇತಯ್ಯನಾ? ಅವನ್ಯಾವಾಗ ಅಲ್ಲಿಗೆ ಬಂದ?’ ಎಂದು ಕೇಳಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಫೋನಿನ ಹೆಸರು ಕೇತಯ್ಯ ಎಂದೇ ಆಯಿತು.

ಹೆಸರು ಹಳ್ಳಿಯದಾದರೂ ಆಳು ಭಾರಿ ಚತುರ. ಮಡಚುವ ಫೋನು, ಟಪ್ಪನೆ ತೆರೆದು ಟಪ್ಪನೆ ಮುಚ್ಚುವಂಥದ್ದು. 2008ರ ಮೊದಲಲ್ಲಿ ಡೊಕೊಮೊ ಕಂಪನಿಯಿಂದ ತೆಗೆದುಕೊಂಡಿದ್ದೆ. ನಾವಿದ್ದ ನಿಶಿ-ಕಸಾಯ್ ಬಡಾವಣೆಯಿಂದ ಒತೆಮಾಚಿಯ ಆಫೀಸಿಗೆ ಹೋಗಲು ತೊಝಾಯ್ ಮಾರ್ಗದ ರೈಲು ಹತ್ತಬೇಕು. ನಿಲ್ದಾಣದ ಬಾಗಿಲಲ್ಲಿ ಕೇತಯ್ಯನನ್ನು ತಾಗಿಸಿದರೆ ಗೇಟು ತೆರೆಯುತ್ತಿತ್ತು. ಅಂಗಡಿಯಲ್ಲಿ ಅವನನ್ನೇ ತಾಗಿಸಿ ಚಹಾದ ಬಾಟಲಿ ಕೊಳ್ಳಬಹುದಿತ್ತು. ಆಂಟೆನಾ ಎಳೆದರೆ ಟಿವಿ ಬರುತ್ತಿತ್ತು, ಅದೂ ಪುಕ್ಕಟೆ. ಚೌಕಾಕಾರದ ಕ್ಯೂಆರ್ ಗುರುತನ್ನು ಓದುತ್ತಿದ್ದ. ಭೂಕಂಪ ಬರುವ ಕೆಲವು ಸೆಕೆಂಡು ಮೊದಲು ಕೂಗಿಕೊಳ್ಳುವ ವ್ಯವಸ್ಥೆಯೂ ಅವನೊಳಗಿತ್ತು. ಆಫೀಸಿನ ಸಂಜೆಯ ಕೂಟಗಳಲ್ಲಿ ಹೊಸಬರ ಪರಿಚಯವಾದರೆ ನಂಬರು ಹೇಳಿ ಬರೆಸಿಕೊಳ್ಳುವ ರೂಢಿ ಇರಲಿಲ್ಲ. ಇಬ್ಬರೂ ತಂತಮ್ಮ ಫೋನಿನ ತಲೆಗಳನ್ನು ಟಗರುಗಳ ಹಾಗೆ ಎದುರಾ ಎದುರು ಹಿಡಿಯುವುದು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣದಲ್ಲಿ ಹೆಸರು, ನಂಬರು, ಮೇಲ್ ವಿಳಾಸ ಎಲ್ಲ ಆ ಕಡೆಯಿಂದ ಈ ಕಡೆಗೆ. ಬೆಂಗಳೂರಿನಲ್ಲಿ ಆಗಿನ್ನೂ ನಾವು ಮಿಸ್ಡ್ ಕಾಲ್ ಕೊಟ್ಟು ನಂಬರು ಉಳಿಸಿಕೊಳ್ಳುತ್ತಿದ್ದೆವು.

ಇಂಥ ಟೋಕಿಯೊಗೆ ಗಾಜಿನ ಹಲಗೆಯಂಥ ಫೋನು ಬಂದು ಇಳಿದದ್ದು 2008ರ ಜುಲೈ 11ರ ಶುಕ್ರವಾರ. ಅಮೆರಿಕದಲ್ಲಿ ಅದಕ್ಕೂ ಒಂದು ವರ್ಷ ಮೊದಲೇ ಐಫೋನ್ ಬಂದಿತ್ತು. ಜಪಾನಿನಲ್ಲಿ ಅದರ 3ಜಿ ಮಾದರಿಯನ್ನು ಮಾರುವ ಹಕ್ಕು ಸಾಫ್ಟ್‌ಬ್ಯಾಂಕ್ ಪಾಲಾಯಿತು. ಎರಡು ವರ್ಷದ ಹಿಂದಷ್ಟೇ ವೊಡಾಫೋನಿನ ಜಪಾನ್ ವ್ಯವಹಾರವನ್ನು ಕೊಂಡು ಮೊಬೈಲ್ ಕ್ಷೇತ್ರಕ್ಕೆ ಇಳಿದಿದ್ದ, ಮಾಸಯೋಶಿ ಸೊನ್ ಎಂಬ ಗಟ್ಟಿಗನ ಕಂಪನಿ ಅದು. ಒಮೊತೆಸಾಂದೊ ಬೀದಿಯ ಅವರ ಅಂಗಡಿಯೆದುರು ಜನ ದಿನಗಟ್ಟಲೆ ಮೊದಲೇ ಬಂದು ಸಾಲುಗಟ್ಟಿದ್ದನ್ನು ಕೇತಯ್ಯನ ಟಿವಿಯಲ್ಲೇ ನೋಡಿದೆ. ಹಳೆಯ ಫೋನಿನೊಳಗೆ ಕೂತು ಹೊಸ ಫೋನಿನ ಮೆರವಣಿಗೆ ನೋಡಿದ್ದು.

ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಶುರುವಾದದ್ದು ಅವತ್ತು ರಾತ್ರಿಯೇ. ಹೆಂಡತಿ ಅನ್ನಕ್ಕಿಟ್ಟು ಬಂದು ಕೇಳಿದಳು.

‘ರೀ, ಇದರಲ್ಲಿ ಅತ್ತೆ ಹತ್ರ ಕಡಿಮೆ ದುಡ್ಡಲ್ಲಿ ಮಾತಾಡ್ಬಹುದಾ?’

ಇಲ್ಲ, ಅದಕ್ಕೆ ಈಗಿನ ಹಾಗೇ ಕಾಲಿಂಗ್ ಕಾರ್ಡೇ ಗತಿ ಅಂದೆ.

‘ಕನ್ನಡ ಓದ್ಬಹುದಾ?’

ಇಲ್ಲ.

‘ಊರಿಗೆ ಹೋದಾಗ ನಮ್ ಸಿಮ್ಮು ಹಾಕ್ಕೋಬಹುದಾ?’

ಅದೂ ಇಲ್ಲ, ಲಾಕ್ ಮಾಡಿರ್ತಾರೆ.

‘ಮತ್ಯಾಕ್ರೀ?’

ಚೆನ್ನಾಗಿದೆ ಅಂದೆ. ಅವಳು ನಕ್ಕು ಒಳಗೆ ಹೋದಳು. ಇಂಥ ವಿಷಯದಲ್ಲಿ ಗಂಡಸರ ವಾದ ಸಾಮಾನ್ಯವಾಗಿ ಇಷ್ಟೇ ಇರುತ್ತದೆ.

ಆದರೂ ಕಾಗದ ತೆಗೆದು ಲೆಕ್ಕ ಹಾಕಿದೆ. ತಿಂಗಳಿಗೆ ಮೂಲ ಬಾಡಿಗೆ 980 ಯೆನ್, ಇಂಟರ್‌ನೆಟ್ಟಿನ ಮೂಲ ಸೇವೆಗೆ 315, ಮಿತಿಯಿಲ್ಲದ ಡೇಟಾಕ್ಕೆ 5,985. ಒಟ್ಟು 7,280. ಫೋನಿನ ಕಂತು 8 ಜಿಬಿ ಮಾದರಿಗೆ 960. ಅಲ್ಲಿಗೆ 8,240 ಯೆನ್. ಕರಾರು ಎರಡು ವರ್ಷದ್ದು, ಇಪ್ಪತ್ತನಾಲ್ಕು ಕಂತು. ಗುಣಿಸಿದರೆ 1,97,760 ಯೆನ್. ಆಗ ನೂರು ಯೆನ್ ಅಂದರೆ ಹೆಚ್ಚುಕಮ್ಮಿ ನಲವತ್ತು ರೂಪಾಯಿ. ಅಂದರೆ 79 ಸಾವಿರ ರೂಪಾಯಿ. ಅಪ್ಪ ಕೊಳವೆಬಾವಿ ತೆಗೆಸಬೇಕು ಅನ್ನುತ್ತಿದ್ದ ಕಾಲ ಅದು. ಹೊರದೇಶದಲ್ಲಿ ಇರುವವರಿಗೆ ಎಲ್ಲ ಬೆಲೆಯೂ ಎರಡೆರಡು ಸಲ ಕಾಣುತ್ತದೆ. ಅಲ್ಲಿಯ ಸಂಬಳದಲ್ಲಿ ನೋಡಿದರೆ ಹಗುರ, ರೂಪಾಯಿಗೆ ತಿರುಗಿಸಿದ ಕೂಡಲೇ ಕೊಳವೆಬಾವಿ.

ಆ ಲೆಕ್ಕದಲ್ಲಿ ಇನ್ನೊಂದು ಮರ್ಮವಿತ್ತು. 960 ಯೆನ್‌ನ ಕಂತು ನಿಜವಾದ ಬೆಲೆಯಲ್ಲ. ಫೋನಿನ ಅಸಲು ಬೆಲೆ 69,120. ತಿಂಗಳಿಗೆ 2,880ರಂತೆ ಕಟ್ಟಬೇಕಾದದ್ದರಲ್ಲಿ, ನೀವು ಅವರ ಗಿರಾಕಿಯಾಗಿರುವಷ್ಟು ಕಾಲ ಕಂಪನಿಯೇ 1,920 ಬಿಟ್ಟುಕೊಡುತ್ತಿತ್ತು. ನಡುವೆ ಬಿಟ್ಟರೆ ರಿಯಾಯಿತಿ ನಿಲ್ಲುತ್ತಿತ್ತು, ಕಂತು ನಿಲ್ಲುತ್ತಿರಲಿಲ್ಲ. ವರ್ಷಕ್ಕೇ ಊರಿಗೆ ಗಂಟು ಕಟ್ಟಿದರೆ ಉಳಿದ ಹನ್ನೆರಡು ತಿಂಗಳಿಗೆ 34,560 ಯೆನ್ ಎಣಿಸಿಟ್ಟು ಹೋಗಬೇಕಿತ್ತು. ಮೋಸವೇನಲ್ಲ, ಎಲ್ಲವೂ ಕರಾರಿನಲ್ಲಿ ಬರೆದದ್ದೇ. ಆದರೆ ಆ ಕರಾರನ್ನು ಮಾಡಿದವರು ಅಲ್ಲೇ ಹುಟ್ಟಿ ಅಲ್ಲೇ ಇರುವ ಜನರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ನನ್ನ ಪಾಸ್‌ಪೋರ್ಟಿನಲ್ಲಿದ್ದ ವಾಸದ ಪರವಾನಗಿ ಒಂದು ವರ್ಷದ್ದು. ಎಂಜಿನಿಯರ್ ಎಂದು ಹೋದವರಿಗೆ ಆಗ ಒಂದು ವರ್ಷ ಇಲ್ಲವೇ ಮೂರು ವರ್ಷ ಕೊಡುತ್ತಿದ್ದರು. ನನಗೆ ಸಿಕ್ಕಿದ್ದು ಒಂದು, ಅದರಲ್ಲೂ ಎಂಟು ತಿಂಗಳು ಬಾಕಿ. ಎಂಟು ತಿಂಗಳ ಮನುಷ್ಯ ಇಪ್ಪತ್ತನಾಲ್ಕು ತಿಂಗಳ ಕರಾರಿಗೆ ರುಜು ಹಾಕುವುದು ಹೇಗೆ? ನಮ್ಮ ಬಡಾವಣೆಯ ಅರ್ಧ ಜನರ ಪಾಡು ಇದೇ. ನಿಶಿ-ಕಸಾಯ್‌ನಲ್ಲಿ ಭಾರತೀಯರು ನೆಲೆ ಮಾಡಿಕೊಂಡದ್ದು ವೈ2ಕೆ ಗದ್ದಲದ ಕಾಲದಿಂದ. ಆಗಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮುಂದಿನ ವರ್ಷ ವಾಪಸ್.’ ಹಾಗೆ ಹೇಳುತ್ತಲೇ ಕೆಲವರು ಮಕ್ಕಳನ್ನು ಶಾಲೆಗೆ ಸೇರಿಸಿ, ಶಾಲೆ ಮುಗಿಸಿಯೂ ಆಗಿತ್ತು. ಸೋಫಾ ಕೊಳ್ಳುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಕುಕ್ಕರ್ ಮಾತ್ರ ಊರಿನಿಂದ ಹೊತ್ತು ತಂದದ್ದು. ‘ನೀನು ಇಲ್ಲಿ ಎಷ್ಟು ದಿನ ಇರುತ್ತೀ?’ ಎಂದು ಅಮ್ಮ ಕೇಳಿದರೆ ಹಾರಿಕೆಯ ಉತ್ತರ ಕೊಡಬಹುದು. ಫೋನಿನ ಅಂಗಡಿಯವನು ಹಾರಿಕೆಯ ಉತ್ತರ ಒಪ್ಪುವುದಿಲ್ಲ. ಅವನ ಅರ್ಜಿಯಲ್ಲಿ ಅದಕ್ಕೊಂದು ಖಾನೆಯೇ ಇರುತ್ತದೆ.

ಇಷ್ಟೆಲ್ಲ ತಿಳಿದೂ ಒಂದು ಭಾನುವಾರ ಎಲೆಕ್ಟ್ರಾನಿಕ್ ಸಾಮಾನುಗಳ ಪೇಟೆಯಾದ ಅಕಿಹಬಾರಕ್ಕೆ ಹೋದೆ. ಎಳೆದುಕೊಂಡು ಹೋದವನು ಧಾರವಾಡದ ಗೆಳೆಯ. ‘ಎಷ್ಟಂತ ಲೆಕ್ಕಾ ಹಾಕ್ತೀಲೇ, ಒಂದ್ಸಲ ಕೈಯಾಗ ಹಿಡದ್ ನೋಡು, ಆಮ್ಯಾಲ ಹೇಳು’ ಅಂದ. ಹಿಡಿದು ನೋಡಿದೆ. ಕೇತಯ್ಯನ ಕ್ಯಾಮೆರಾದ ಮುಂದೆ ಇದರ 2 ಮೆಗಾಪಿಕ್ಸೆಲ್ ಕ್ಯಾಮೆರಾ ಏನೇನೂ ಅಲ್ಲ. ಟಿವಿ ಇಲ್ಲ, ರೈಲಿನ ಗೇಟು ತೆರೆಯುವುದಿಲ್ಲ, ಇನ್‌ಫ್ರಾರೆಡ್ ಇಲ್ಲ, ಬರೆದ ಸಾಲನ್ನು ಕತ್ತರಿಸಿ ಬೇರೆಡೆ ಅಂಟಿಸುವುದಕ್ಕೂ ಬರುವುದಿಲ್ಲ. ಆದರೆ ನಕ್ಷೆಯ ಮೇಲೆ ಎರಡು ಬೆರಳಿಟ್ಟು ಅಗಲಿಸಿದಾಗ ಟೋಕಿಯೊ ಕೊಲ್ಲಿ ಹಿಗ್ಗಿತಲ್ಲ, ಆಗ ಎದೆಯಲ್ಲಿ ಏನೋ ಆಯಿತು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಜಪಾನಿ ಕೀಲಿಮಣೆ. ಕೇತಯ್ಯನಲ್ಲಿ ‘ಕೊ’ ಬರೆಯಬೇಕಾದರೆ ‘ಕ’ ಗುಂಡಿಯನ್ನು ಐದು ಸಲ ಒತ್ತಬೇಕು: ಕ, ಕಿ, ಕು, ಕೆ, ಕೊ. ಈ ಗಾಜಿನ ಫೋನಿನಲ್ಲಿ ‘ಕ’ ಮೇಲೆ ಬೆರಳಿಟ್ಟು ಎಡಕ್ಕೆ ಚಿಮ್ಮಿದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ. ಇದು ಕಾಗುಣಿತವಲ್ಲದೆ ಮತ್ತೇನು! ಒಂದನೇ ತರಗತಿಯಲ್ಲಿ ಮೇಷ್ಟ್ರು ಬೆತ್ತ ಹಿಡಿದು ಹೇಳಿಸಿದ್ದನ್ನು ಯಾರೋ ಹೆಬ್ಬೆರಳಿಗೆ ಕಲಿಸಿಬಿಟ್ಟಿದ್ದರು. ಜಪಾನಿ ಅಕ್ಷರಗಳ ಸಾಲನ್ನೇ ನೋಡಿ: ಅ, ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ‘ಚ’ ಇರಬೇಕಾದ ಕಡೆ ‘ಸ’ ಇದೆ, ‘ಪ’ ಇರಬೇಕಾದ ಕಡೆ ‘ಹ’ ಇದೆ, ಉಳಿದಂತೆ ಗಂಟಲಿನಿಂದ ತುಟಿಯವರೆಗೆ ನಮ್ಮದೇ ವರ್ಣಮಾಲೆಯ ನಡೆ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿಯುತ್ತ ಜಪಾನಿಗೆ ಒಯ್ದ ಕ್ರಮ ಇದು. ಜಪಾನಿ ತರಗತಿಯಲ್ಲಿ ನನ್ನ ಜೊತೆ ಕಲಿಯುತ್ತಿದ್ದ ಯುರೋಪಿನವರು ತಿಂಗಳುಗಟ್ಟಲೆ ಒದ್ದಾಡಿದ ಅಕ್ಷರಕ್ರಮ ನನಗೆ ಒಂದೇ ಸಂಜೆಯಲ್ಲಿ ಬಂದದ್ದಕ್ಕೆ ನನ್ನ ಬುದ್ಧಿ ಕಾರಣವಲ್ಲ, ಬೆತ್ತದ ಮೇಷ್ಟ್ರು ಕಾರಣ.

ಆ ಸಂತೋಷದಲ್ಲೇ ಅಂಗಡಿಯ ಫೋನಿನಲ್ಲಿ ಒಂದು ಕನ್ನಡ ಬ್ಲಾಗು ತೆರೆದೆ. ಪರದೆಯ ತುಂಬ ಚೌಕ. ಸಾಲುಸಾಲು ಖಾಲಿ ಚೌಕ, ಹೊಸದಾಗಿ ಹಾಕಿದ ಲೇಔಟಿನ ನಕಾಶೆಯ ಹಾಗೆ. ಕೇತಯ್ಯನಿಗೂ ಕನ್ನಡ ಬಾರದು, ನಿಜ. ಆದರೆ ಕೇತಯ್ಯ ಜಗತ್ತನ್ನೇ ಕೈಗಿಡುತ್ತೇನೆ ಎಂದು ಹೇಳಿಕೊಂಡವನಲ್ಲ. ಕನ್ನಡದ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಕೇತಾಯ್‌ಗಳಲ್ಲಿ ಮೊಗ್ಗಾಗಿದ್ದ ಎಮೋಜಿಗಳು ಅಲ್ಲಿಗೆ ಸಾಲಾಗಿ ಸೇರಿದ್ದು 2010ರಲ್ಲಿ. ಆದರೂ ಜಪಾನಿನ ಐಫೋನಿನಲ್ಲಿ ಎಮೋಜಿ 2008ರ ನವೆಂಬರಿನಲ್ಲೇ ಬಂತು. ನಗುವ ಮುಖವಿಲ್ಲದ ಮೇಲನ್ನು ಅಲ್ಲಿಯ ಜನ ಸಿಟ್ಟಿನ ಮೇಲು ಅಂದುಕೊಳ್ಳುತ್ತಿದ್ದರು, ಅದಿಲ್ಲದೆ ಫೋನು ಮಾರುವಂತೆಯೇ ಇರಲಿಲ್ಲ. ಕನ್ನಡದ ಕೀಲಿಮಣೆ ಐಫೋನಿನ ಒಳಗೇ ಬಂದದ್ದು 2017ರ ಸೆಪ್ಟೆಂಬರಿನಲ್ಲಿ, ಐಒಎಸ್ 11ರ ಜೊತೆ. ಕೇತಯ್ಯ ಎಂದೋ ಓದುತ್ತಿದ್ದ ಕ್ಯೂಆರ್ ಚೌಕವನ್ನು ಐಫೋನಿನ ಕ್ಯಾಮೆರಾ ತಾನಾಗಿ ಓದಲು ಕಲಿತದ್ದೂ ಅದೇ ಆವೃತ್ತಿಯಲ್ಲಿ. ಸರದಿಯಲ್ಲಿ ಮೊದಲು ನಿಂತವರಿಗೇ ಮೊದಲು ಸಿಗುತ್ತದೆ ಅನ್ನುವುದು ಗಣಕಲೋಕದಲ್ಲಿ ನಡೆಯುವುದಿಲ್ಲ. ಗಿರಾಕಿ ಎಷ್ಟು ಗಟ್ಟಿಯಾಗಿ ಕೇಳುತ್ತಾನೆ ಎಂಬುದೇ ಮುಖ್ಯ, ನಾವು ಗಟ್ಟಿಯಾಗಿ ಕೇಳಲಿಲ್ಲ.

ಊರಿನಿಂದಲೇ ತರಿಸಿದರೆ ಹೇಗೆ ಎಂದೂ ಯೋಚಿಸಿದ್ದುಂಟು. ಆಗಸ್ಟ್ 22ಕ್ಕೆ ಭಾರತದಲ್ಲೂ ಅದೇ ಫೋನು ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಬಂತು. 8 ಜಿಬಿಗೆ 31,000 ರೂಪಾಯಿ, 16 ಜಿಬಿಗೆ 36,100. ಅಮೆರಿಕದಲ್ಲಿ ಕರಾರಿನ ಮೇಲೆ 199 ಡಾಲರು ಎಂದು ಓದಿದ್ದ ಬೆಂಗಳೂರಿನ ತಮ್ಮ ಬೆಲೆ ಕೇಳಿ ಬೆಚ್ಚಿಬಿದ್ದ. ಅದಕ್ಕಿಂತ ತಮಾಷೆಯೆಂದರೆ ಹೆಸರು 3ಜಿ, ದೇಶದಲ್ಲಿ ಆಗ 3ಜಿಯೇ ಇರಲಿಲ್ಲ. ಸರ್ಕಾರಿ ಕಂಪನಿಗಳು ಅದನ್ನು ಶುರುಮಾಡತೊಡಗಿದ್ದು ಆ ವರ್ಷದ ಕೊನೆಯಿಂದ, ಖಾಸಗಿಯವರಿಗೆ ತರಂಗಗಳು ಸಿಕ್ಕಿದ್ದು 2010ರ ಹರಾಜಿನಲ್ಲಿ. ರೈಲು ಬಾರದ ಊರಿನಲ್ಲಿ ಎಂಜಿನ್ ಕೊಂಡ ಹಾಗೆ. ನನ್ನ ಕೇತಯ್ಯನ ಕಂಪನಿಯೇ ಟಾಟಾ ಜೊತೆ ಸೇರಿ 2009ರಲ್ಲಿ ನಮ್ಮಲ್ಲಿಗೆ ಬಂದು, ಸೆಕೆಂಡಿಗೆ ಒಂದು ಪೈಸೆ ಎಂದು ಕೂಗಿ ಎಲ್ಲರ ದರವನ್ನೂ ಕೆಳಗಿಳಿಸಿದ್ದು ಬೇರೆ ಕತೆ.

ಅಷ್ಟರಲ್ಲಿ ಸೆಪ್ಟೆಂಬರ್ 15 ಬಂತು, ಅಮೆರಿಕದ ದೊಡ್ಡ ಬ್ಯಾಂಕು ಲೀಮನ್ ಬ್ರದರ್ಸ್ ಮಗುಚಿತು. ನಮ್ಮ ಆಫೀಸು ಹಣಕಾಸು ಸಂಸ್ಥೆಗಳಿಗೆ ಸಾಫ್ಟ್‌ವೇರು ಮಾಡಿಕೊಡುವಂಥದ್ದು. ಪ್ರತಿ ಶುಕ್ರವಾರ ಒಂದೊಂದು ಮೇಜು ಖಾಲಿಯಾಗುತ್ತಿತ್ತು. ವಿಚಿತ್ರವೆಂದರೆ ಯೆನ್ ಏರುತ್ತಲೇ ಹೋಯಿತು. ವರ್ಷದ ಕೊನೆಗೆ ನೂರು ಯೆನ್ ಐವತ್ತು ರೂಪಾಯಿ ದಾಟಿತ್ತು. ಊರಿಗೆ ಕಳಿಸುವ ದುಡ್ಡು ಹೆಚ್ಚಾಯಿತು, ಕೆಲಸ ಇರುತ್ತದೋ ಇಲ್ಲವೋ ತಿಳಿಯದಾಯಿತು. ಅಪ್ಪನ ಕೊಳವೆಬಾವಿ ಅದೇ ದುಡ್ಡಿನಲ್ಲಿ ಆಯಿತು, 420 ಅಡಿಗೆ ನೀರು. ಧಾರವಾಡದ ಗೆಳೆಯ ಮಾತ್ರ ಮೊದಲ ವಾರವೇ ಫೋನು ಕೊಂಡಿದ್ದವನು, ಡಿಸೆಂಬರಿನಲ್ಲಿ ಕೆಲಸ ಹೋಗಿ ಉಳಿದ ಕಂತನ್ನೆಲ್ಲ ಒಟ್ಟಿಗೆ ಕಟ್ಟಿ ವಿಮಾನ ಹತ್ತಿದ. ಹೊರಡುವಾಗ ಅದನ್ನು ಜೇಬಿನಿಂದ ತೆಗೆದು ತೋರಿಸಿ, ‘ಇನ್ನ ಇದು ಬರೇ ಹಾಡಿನ ಡಬ್ಬೀಲೇ’ ಅಂದ. ನಗುತ್ತಲೇ ಅಂದದ್ದು.

2009ರ ವಸಂತದಲ್ಲಿ ಶಿನಗಾವದ ವಲಸೆ ಕಚೇರಿಯಲ್ಲಿ ಟೋಕನ್ ಹಿಡಿದು ಬೆಳಗಿನಿಂದ ಕೂತಿದ್ದೆ. ಕಿಟಕಿಯಲ್ಲಿ ಪಾಸ್‌ಪೋರ್ಟು ವಾಪಸು ಬಂದಾಗ ಹೊಸ ಚೀಟಿಯಲ್ಲಿ ಮೂರು ವರ್ಷ ಎಂದಿತ್ತು. ಹೆಂಡತಿಗೆ ಕೇತಯ್ಯನಿಂದ ಎಮೋಜಿ ಕಳಿಸಿದೆ. ಆ ಹೊತ್ತಿಗೆ ಸಾಫ್ಟ್‌ಬ್ಯಾಂಕ್ ಫೆಬ್ರವರಿಯ ಕೊನೆಯಿಂದ ಹೊಸ ಯೋಜನೆ ತೆಗೆದಿತ್ತು. ಎರಡು ವರ್ಷದ ಕರಾರಿಗೆ ಒಪ್ಪಿದರೆ 8 ಜಿಬಿ ಫೋನಿಗೆ ಕೈಯಿಂದ ಕೊಡುವುದು ಸೊನ್ನೆ ಯೆನ್. ಮೊದಲ ವರ್ಷ ಸಾಲು ನಿಂತವರು ಕೊಟ್ಟದ್ದನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ, ಆದರೆ ಮೊದಲು ಮೊಸರು ಕಡೆಯುವವರು ಇದ್ದರೇ ಹಿಂದಿನವರಿಗೆ ಮಜ್ಜಿಗೆ. ಮೇ ತಿಂಗಳಲ್ಲಿ, ಯೋಜನೆ ಮುಗಿಯುವ ಮುಂಚೆ, ಹೋಗಿ ರುಜು ಹಾಕಿದೆ. ಕೇತಯ್ಯನನ್ನು ಬಿಡಲಿಲ್ಲ. ಎಲ್ಲಕ್ಕಿಂತ ಅಗ್ಗದ ಬಾಡಿಗೆಗೆ ಇಳಿಸಿ ರೈಲಿಗೆ, ಅಂಗಡಿಗೆ, ಭೂಕಂಪಕ್ಕೆ ಅವನನ್ನೇ ಇಟ್ಟುಕೊಂಡೆ. ಹೀಗೆ ಎರಡು ಫೋನು ಹೊರುವುದಕ್ಕೆ ಜಪಾನಿಗರೇ ‘ನಿದಾಯ್-ಮೊಚಿ’ ಎಂದು ಹೆಸರಿಟ್ಟಿದ್ದರು, ಆದ್ದರಿಂದ ನಾಚಿಕೆ ಪಡುವಂತಿರಲಿಲ್ಲ.

ಸುದ್ದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು. ‘ಅಂದ್ರೆ ಇನ್ನೂ ಎರಡು ವರ್ಷ ಬರಲ್ಲ ಅಂತಾಯ್ತು, ಅಲ್ವೇನೋ?’ ಕಂಪನಿಯ ಅರ್ಜಿಯನ್ನು ಅವಳಷ್ಟು ಸರಿಯಾಗಿ ಓದಿದವರು ಯಾರೂ ಇಲ್ಲ.

ಎರಡೂ ಫೋನುಗಳ ಬೆಲೆ ಒಟ್ಟಿಗೆ ತಿಳಿದದ್ದು 2011ರ ಮಾರ್ಚ್ 11ರಂದು, ಕರಾರಿನ ಇಪ್ಪತ್ತೆರಡನೇ ತಿಂಗಳು. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ನೆಲ ಅಲ್ಲಾಡಲು ಶುರುವಾದದ್ದು ಬೇಗ ನಿಲ್ಲಲಿಲ್ಲ. ರೈಲೆಲ್ಲ ನಿಂತವು. ಕರೆ ಎರಡರಿಂದಲೂ ಹೋಗಲಿಲ್ಲ. ಇಂಟರ್‌ನೆಟ್ ಮಾತ್ರ ಕುಂಟುತ್ತ ನಡೆಯುತ್ತಿತ್ತು. ಗಾಜಿನ ಫೋನಿನಿಂದ ಬೆಂಗಳೂರಿನ ತಮ್ಮನಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಮೇಲು ಹಾಕಿದೆ, ಅವನು ಹಳ್ಳಿಗೆ ಫೋನು ಮಾಡಿ ಅಮ್ಮನಿಗೆ ತಿಳಿಸಿದ. ಸಂಜೆ ಒತೆಮಾಚಿಯಿಂದ ನಡೆದೇ ಹೊರಟೆವು. ಏತಾಯ್ ಸೇತುವೆ, ಮೊನ್ಝೆನ್-ನಕಾಚೊ, ಕಿಬಾ, ಆಮೇಲೆ ಅರಕಾವ ನದಿ. ರಸ್ತೆಯ ತುಂಬ ಸದ್ದಿಲ್ಲದೆ ನಡೆಯುವ ಸಾವಿರಾರು ಜನ. ದಿನಾ ನೆಲದೊಳಗೆ ರೈಲಿನಲ್ಲಿ ಹೋಗಿ ಬರುವವನಿಗೆ ಮೇಲಿನ ದಾರಿ ಗೊತ್ತಿರಲಿಲ್ಲ. ಪರದೆಯ ಮೇಲಿನ ನೀಲಿ ಚುಕ್ಕೆಯೇ ದಾರಿ ತೋರಿಸಿತು. ಮನೆ ಸೇರುವ ಹೊತ್ತಿಗೆ ಅದರ ಬ್ಯಾಟರಿ ಸತ್ತಿತ್ತು. ಕೇತಯ್ಯನ ಬ್ಯಾಟರಿ ಇನ್ನೂ ಗಟ್ಟಿಯಾಗಿತ್ತು. ಮುಂದಿನ ಎಷ್ಟೋ ರಾತ್ರಿ ಮರುಕಂಪನಕ್ಕೆ ಮೊದಲು ತಲೆದಿಂಬಿನ ಪಕ್ಕ ಕೂಗಿಕೊಂಡವನು ಅವನೇ. ಐಫೋನಿಗೆ ಆ ಕೂಗು ಬಂದದ್ದು ಅದೇ ವರ್ಷದ ಅಕ್ಟೋಬರಿನ ಆವೃತ್ತಿಯಲ್ಲಿ.

ಈಗ ಹೊರದೇಶಕ್ಕೆ ಹೋಗುವ ಹುಡುಗರು ಫೋನು ಅಲ್ಲೇ ಕೊಳ್ಳಲಾ ಎಂದು ನನ್ನನ್ನು ಕೇಳುತ್ತಾರೆ. ಕಾಲ ಸಾಕಷ್ಟು ಬದಲಾಗಿದೆ. ಜಪಾನಿನಲ್ಲಿ 2019ರ ಅಕ್ಟೋಬರಿನಿಂದ ಕರಾರು ಮುರಿದರೆ ಕೇಳಬಹುದಾದ ದಂಡಕ್ಕೆ 1,000 ಯೆನ್ ಮಿತಿ ಬಂದಿದೆ, 2021ರ ಅಕ್ಟೋಬರಿನಿಂದ ಸಿಮ್ ಲಾಕ್ ಮಾಡಿ ಮಾರುವಂತಿಲ್ಲ. ಅಲ್ಲಿ ಕೊಂಡ ಬಹುಪಾಲು ಫೋನುಗಳ ಕ್ಯಾಮೆರಾ ಮಾತ್ರ, ಅಲ್ಲಿರುವಷ್ಟು ಹೊತ್ತಾದರೂ, ಪ್ರತಿ ಚಿತ್ರಕ್ಕೂ ಕಟಕ್ ಅನ್ನುತ್ತದೆ, ಸದ್ದಡಗಿಸಲು ಬಿಡುವುದಿಲ್ಲ. ನಾಮಕರಣಕ್ಕೆ ತೊಂದರೆಯಿಲ್ಲ, ಸಂಗೀತ ಕಚೇರಿಗೆ ಕಷ್ಟ. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 2022ರ ಮಾದರಿಯಿಂದ ಸಿಮ್ ಕಾರ್ಡು ಹಾಕುವ ಕಿಂಡಿಯೇ ಇಲ್ಲ. ಬ್ಯಾಂಕಿನ ಓಟಿಪಿಗಾಗಿ ಊರಿನ ಸಿಮ್ಮನ್ನು ಜೀವಂತ ಇಡಬೇಕಾದವರು ಅದನ್ನು ಮೊದಲು ಇ-ಸಿಮ್ ಮಾಡಿಸಿಕೊಂಡೇ ಹೊರಡಬೇಕು. ಕಂತಿನಲ್ಲಿ ಕೊಳ್ಳುವುದಾದರೆ ವೀಸಾದ ಕೊನೆಯ ದಿನಾಂಕವನ್ನು ಪಕ್ಕದಲ್ಲಿಟ್ಟುಕೊಂಡು ಕಂತುಗಳನ್ನು ಎಣಿಸಿ. ಕಂತು ಹೆಚ್ಚಿದ್ದರೆ ಕೊಳ್ಳಬೇಡಿ. ಕಡಿಮೆಯಿದ್ದರೆ, ಮನೆಗೊಂದು ಫೋನು ಮಾಡಿ ಹೇಳಿಯೇ ಕೊಳ್ಳಿ.

ಕೇತಯ್ಯ ನನ್ನ ಜೊತೆಯಲ್ಲೇ ಊರಿಗೆ ಬಂದ. ಈಗ ಹಳ್ಳಿಮನೆಯ ಗೋಡೆಬೀರುವಿನಲ್ಲಿ, ಅಪ್ಪನ ಹಳೆಯ ಕನ್ನಡಕದ ಪಕ್ಕದಲ್ಲಿದ್ದಾನೆ. ಚಾರ್ಜಿಗೆ ಹಾಕಿದರೆ ಇಂದಿಗೂ ಟಪ್ಪನೆ ತೆರೆದುಕೊಂಡು ಟೋಕಿಯೊದ ಗಂಟೆ ತೋರಿಸುತ್ತಾನೆ. ಅವನು ನಂಬಿದ್ದ ಫೋಮಾ ಎಂಬ 3ಜಿ ಜಾಲಕ್ಕೂ ಐ-ಮೋಡ್ ಎಂಬ ಇಂಟರ್‌ನೆಟ್ ಸೇವೆಗೂ ಡೊಕೊಮೊ ಗೊತ್ತುಮಾಡಿದ ಕೊನೆಯ ದಿನ 2026ರ ಮಾರ್ಚ್ 31.